ಕರಿ ಎಣ್ಣೆಯ ಮಡಕೆಗೆ ಬಿದ್ದ ಬಿರಡೆ

ನಮ್ಮ ಮನೆಯಲ್ಲಿ ಕಾರಿನ ಎಂಜಿನ್ನಿಗೆ ಎಣ್ಣೆ ಬದಲಿಸುವ ದಿನ ಯಾವುದೆಂದು ಅಕ್ಕಪಕ್ಕದ ಮನೆಗಳಿಗೆ ಹೇಗೋ ಮೊದಲೇ ಗೊತ್ತಾಗುತ್ತಿತ್ತು. ಹೊಸ ಎಣ್ಣೆಯ ಮೇಲೆ ಯಾರಿಗೂ ಕಣ್ಣಿರಲಿಲ್ಲ. ಅವರಿಗೆ ಬೇಕಾದದ್ದು ಎಂಜಿನ್ನಿನಿಂದ ಇಳಿಸಿದ ಹಳೆಯ ಎಣ್ಣೆ. ಕಾಡಿಗೆಯ ಹಾಗೆ ಕಪ್ಪಗಿರುತ್ತಿದ್ದ ಅದನ್ನು ನಾವು ಕರಿ ಎಣ್ಣೆ ಎನ್ನುತ್ತಿದ್ದೆವು. ದನದ ಹಟ್ಟಿಯ ಕಂಬದ ಬುಡಕ್ಕೆ ಹಚ್ಚಿದರೆ ಗೆದ್ದಲು ಹತ್ತುತ್ತಿರಲಿಲ್ಲ. ಬಾವಿಯ ರಾಟೆಗೆ ಬಿಟ್ಟರೆ ಅದರ ಕಿರುಚಾಟ ನಿಲ್ಲುತ್ತಿತ್ತು. ಕೋಣಗಳ ಗೊರಸು ಒಡೆದರೆ ಅದಕ್ಕೂ ಅದೇ ಮದ್ದು. ಈಗ ನೀವು ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುತ್ತೀರಿ. ಒಳಗಿದ್ದ ಹಳೆಯ ಎಣ್ಣೆ ಎಲ್ಲಿಗೆ ಹೋಯಿತೆಂದು ನೀವು ಕೇಳಿದ್ದನ್ನು ನಾನು ಕಂಡಿಲ್ಲ. ನಮ್ಮ ಕಾಲದಲ್ಲಿ ಅದರ ಒಂದು ಹನಿ ಎಲ್ಲಿಗೆ ಹೋಯಿತೆಂದು ಇಡೀ ಊರಿಗೆ ಗೊತ್ತಿರುತ್ತಿತ್ತು.

ನಿಮ್ಮ ಅಜ್ಜ ಬಾಡಿಗೆ ಕಾರು ಓಡಿಸುತ್ತಿದ್ದರು. ಮೂಡಬಿದ್ರೆಯಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಅಳದಂಗಡಿಗೆ ಸ್ವಲ್ಪ ಮೊದಲು, ರಸ್ತೆಗೆ ತಾಗಿಯೇ ನಮ್ಮ ಮನೆ ಇತ್ತು. ಕಾರು ಎರಡನೇ ಮಹಾಯುದ್ಧಕ್ಕಿಂತ ಹಿಂದಿನದು, ವಿಲಾಯತಿಯಿಂದ ಹಡಗಿನಲ್ಲಿ ಬಂದದ್ದು. ಬಂಟ್ವಾಳದ ಪೇಟೆಯ ವ್ಯಾಪಾರಿಯೊಬ್ಬರು ಅದನ್ನು ಓಡಿಸಿ ಸಾಕಾಗಿ ಇವರಿಗೆ ಮಾರಿದ್ದರು. ಮದುವೆಯ ದಿಬ್ಬಣಕ್ಕೆ, ಬಾಣಂತಿಯನ್ನು ಕರೆತರುವುದಕ್ಕೆ, ಕೋರ್ಟಿನ ಕೆಲಸಕ್ಕೆ ಹೋಗುವವರಿಗೆ, ಧರ್ಮಸ್ಥಳಕ್ಕೆ ಹರಕೆ ಹೊತ್ತವರಿಗೆ ಆ ಕಾರು ಬೇಕಾಗುತ್ತಿತ್ತು. ನಯಾಪೈಸೆ ಬಂದು ಕೆಲವು ವರ್ಷ ಆಗಿತ್ತು. ನನಗೆ ಮದುವೆಯಾಗಿ ನಾಲ್ಕೋ ಐದೋ ವರ್ಷ, ನಿಮ್ಮ ಅಪ್ಪ ಇನ್ನೂ ಹುಟ್ಟಿರಲಿಲ್ಲ.

ಅಂಗಳದ ಪಡುಬದಿಯಲ್ಲಿ ಮಳೆನೀರು ಹೋಗಲೆಂದು ಮುರಕಲ್ಲಿನ ನೆಲದಲ್ಲಿ ಆಳವಾಗಿ ಕಡಿದ ಒಂದು ಕಣಿ ಇತ್ತು. ಮಳೆಗಾಲ ಕಳೆದ ಮೇಲೆ ಅದು ಒಣಗಿ ಗುಡಿಸಿದ ಹಾಗೆ ಇರುತ್ತಿತ್ತು. ನಿಮ್ಮ ಅಜ್ಜ ಕಾರನ್ನು ಮೆಲ್ಲನೆ ತಂದು, ಒಂದು ಬದಿಯ ಚಕ್ರಗಳು ಕಣಿಯ ಈಚೆಗೆ, ಇನ್ನೊಂದು ಬದಿಯವು ಆಚೆಗೆ ಬರುವಂತೆ ನಿಲ್ಲಿಸುತ್ತಿದ್ದರು. ಆಮೇಲೆ ಕಣಿಯ ತುದಿಯಿಂದ ಇಳಿದು ಕಾರಿನ ಅಡಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತರೆ ಎಂಜಿನ್ನಿನ ಹೊಟ್ಟೆ ಸರಿಯಾಗಿ ಅವರ ಮುಖದ ಮೇಲೆ ಇರುತ್ತಿತ್ತು. ಆ ಹೊಟ್ಟೆಯ ತಳದಲ್ಲಿ ಒಂದು ಕಬ್ಬಿಣದ ಬಿರಡೆ. ಅದಕ್ಕೆ ಸುತ್ತು ಹಲ್ಲುಗಳು, ಕುತ್ತಿಗೆಗೆ ಒಂದು ತಾಮ್ರದ ಬಳೆ. ಬಿರಡೆ ಬಿಚ್ಚಿದರೆ ಎಣ್ಣೆ ಇಳಿಯುತ್ತದೆ. ಕೊನೆಯ ಹನಿಯವರೆಗೆ ಇಳಿಯಲು ಬಿಡಬೇಕು. ಬಿರಡೆ ಹಾಕಿ ಮೇಲಿನಿಂದ ಹೊಸದನ್ನು ಹೊಯ್ಯಬೇಕು. ಎಂಜಿನ್ ಬಿಸಿ ಇರುವಾಗಲೇ ಇಳಿಸಬೇಕು ಎನ್ನುತ್ತಿದ್ದರು, ಆಗ ಒಳಗಿನ ಕಸವನ್ನೂ ಎಣ್ಣೆ ಎಳೆದುಕೊಂಡು ಬರುತ್ತದಂತೆ. ಅಡಿಗೆಮನೆಯ ಕಿಟಕಿಯಿಂದ ನಾನು ಇದನ್ನೆಲ್ಲ ಎಷ್ಟೋ ಸಲ ನೋಡಿದ್ದೆ.

ಇಳಿದ ಎಣ್ಣೆಗೆ ಒಡತಿ ಅತ್ತೆ. ಈ ಸಲ ಯಾರಿಗೆ, ಮುಂದಿನ ಸಲ ಯಾರಿಗೆ ಎಂಬ ಸರದಿ ಅವರ ತಲೆಯಲ್ಲಿರುತ್ತಿತ್ತು. ಕೇಳಿ ಬಂದವರ ಹತ್ತಿರ ಅವರು ನ್ಯಾಯಾಧೀಶರ ಹಾಗೆ ಮಾತಾಡುತ್ತಿದ್ದರು. "ನಿಮಗೆ ಹೋದ ಸಲ ಕೊಟ್ಟಿಲ್ವಾ? ನಿಮ್ಮ ಕಂಬ ಎಷ್ಟು ಎಣ್ಣೆ ಕುಡಿತದೆ ಮಾರಾಯ್ರೆ, ಅದಕ್ಕೂ ಬಾಯಿ ಉಂಟಾ?"

ಆ ವರ್ಷ ಬೇಸಗೆ ಶುರುವಾಗುವ ಹೊತ್ತಿಗೆ ಅತ್ತೆಯ ಮನಸ್ಸು ಮಾತ್ರ ಎಣ್ಣೆಯ ಮೇಲೆ ಇರಲಿಲ್ಲ, ಮಗಳ ಮೇಲೆ ಇತ್ತು. ನನ್ನ ನಾದಿನಿಯನ್ನು ಕೊಕ್ಕಡಕ್ಕೆ ಕೊಟ್ಟಿದ್ದರು. ಅವಳಿಗೆ ಆಗ ಏಳನೇ ತಿಂಗಳು. ಗಂಡನ ಮನೆಯಲ್ಲಿ ಬಯಕೆಯ ಊಟ ಮುಗಿಸಿ, ಏಳರಲ್ಲೇ ಅವಳನ್ನು ಹೆರಿಗೆಗೆ ತವರಿಗೆ ಕರೆದು ತರಬೇಕಿತ್ತು. ಎಂಟು ಹಿಡಿದ ಮೇಲೆ ಬಸುರಿಯನ್ನು ಹೊಳೆ ದಾಟಿಸಬಾರದು ಎಂದು ನಮ್ಮ ಕಡೆಯ ಕಟ್ಟಳೆ. ಒಳ್ಳೆಯ ದಿನವೆಂದು ಸಿಕ್ಕಿದ್ದು ಒಂದೇ. ಅದಾದ ಮೇಲೆ ಎಂಟು ಹಿಡಿಯುತ್ತಿತ್ತು.

ಇದು ಅವಳಿಗೆ ಎರಡನೆಯ ಸಲ. ಮೊದಲಿನದು ನಿಲ್ಲಲಿಲ್ಲ. ಆಗ ಅವಳು ಯಾವುದೋ ಮದುವೆಗೆ ಬಸ್ಸಿನಲ್ಲಿ ಹೋಗಿ ಬಂದಿದ್ದಳು. ಆ ಬಸ್ಸಿನ ಕುಲುಕಾಟದಿಂದಲೇ ಹೋಯಿತೆಂದು ಅತ್ತೆ ಗಟ್ಟಿಯಾಗಿ ನಂಬಿದ್ದರು. ಡಾಕ್ಟರು ಹಾಗೆ ಹೇಳಿರಲಿಲ್ಲ. ಆದರೆ ಅತ್ತೆ ಕೇಳುವವರಲ್ಲ. "ನನ್ನ ಮಗ ಊರಿನವರ ಹೆಣ್ಣುಮಕ್ಕಳನ್ನೆಲ್ಲ ಕಾರಿನಲ್ಲಿ ತರ್ತಾನೆ. ನನ್ನ ಮಗಳು ಮಾತ್ರ ಬಸ್ಸಿನಲ್ಲಿ ಯಾಕೆ ಬರಬೇಕು?" ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ರಾತ್ರಿ ದೇವರಿಗೆ ದೀಪ ಇಟ್ಟು ಕೈಮುಗಿದು ನಿಂತರೆ ಬೇಗ ತಿರುಗುತ್ತಿರಲಿಲ್ಲ. ಅವರು ಏನು ಕೇಳಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಕೊಕ್ಕಡಕ್ಕೆ ಹೋಗುವುದು ಎಂದಾಗಿತ್ತು. ಹಿಂದಿನ ದಿನ ಮಧ್ಯಾಹ್ನ ನಿಮ್ಮ ಅಜ್ಜ ಮೂಡಬಿದ್ರೆಯ ಬಾಡಿಗೆ ಮುಗಿಸಿ ಬಂದು, ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಮೂಗಿಗೆ ಹಿಡಿದು ಮೂಸಿದರು.

"ಇದನ್ನು ಹಾಕಿಕೊಂಡು ಕೊಕ್ಕಡಕ್ಕೆ ಹೋಗಲಿಕ್ಕಿಲ್ಲ. ದಿಬ್ಬಣಗಳಲ್ಲಿ ಸುಟ್ಟು ಡಾಮರು ಆಗಿದೆ. ದಾರಿಯಲ್ಲಿ ಎಂಜಿನ್ ಹಿಡಿದುಕೊಂಡರೆ ತಂಗಿಯನ್ನು ಕಾಡಿನ ನಡುವೆ ಕೂರಿಸಬೇಕಾದೀತು."

"ಹಾಗಾದರೆ ಬದಲು ಮಾಡು," ಎಂದರು ಅತ್ತೆ.

"ಹೇಗೆ ಮಾಡುವುದು?" ಎಂದು ಅವರು ಬಲಗೈ ತೋರಿಸಿದರು. ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಕೆಲವು ದಿನಗಳ ಹಿಂದೆ ಹ್ಯಾಂಡಲ್ ಹಾಕಿ ಕಾರನ್ನು ಸ್ಟಾರ್ಟ್ ಮಾಡುವಾಗ ಅದು ಹಿಂದಕ್ಕೆ ಒದ್ದು ಕೈ ಉಳುಕಿತ್ತು. ಸ್ಟಿಯರಿಂಗ್ ಹಿಡಿಯಲು ಅಡ್ಡಿ ಇರಲಿಲ್ಲ. ಸ್ಪ್ಯಾನರ್ ಹಿಡಿದು ಬಲ ಕೊಟ್ಟರೆ ಮಾತ್ರ ಜೀವ ಹೋದ ಹಾಗೆ ಆಗುತ್ತಿತ್ತು. ಮೂಡಬಿದ್ರೆಯ ಮೆಕ್ಯಾನಿಕ್ ಅಂದು ಊರಲ್ಲಿರಲಿಲ್ಲ.

ಅತ್ತೆ ನನ್ನ ಕಡೆ ನೋಡಿದರು. ನಾನು ಬಾಗಿಲ ಹಿಂದೆ ಸರಿದೆ.

"ಸರಿಯುವುದು ಬೇಡ. ನೀನು ಇಷ್ಟು ವರ್ಷ ಕಿಟಕಿಯಲ್ಲಿ ನಿಂತು ನೋಡಿದ್ದು ಎಂತದು? ಕಾರಲ್ಲವಾ?"

ನಾನು ಗಂಡನನ್ನು ನೋಡುತ್ತಿದ್ದೆ ಎಂದು ಹೇಳುವುದು ಹೇಗೆ? ಸುಮ್ಮನಿದ್ದೆ. ಸುಮ್ಮನಿದ್ದವಳು ಒಪ್ಪಿದಳು ಎಂದೇ ಲೆಕ್ಕ ನಮ್ಮ ಮನೆಯಲ್ಲಿ.

ನನಗೆ ಕೆಲಸದ ಭಯ ಇರಲಿಲ್ಲ, ರಸ್ತೆಯ ಭಯ. ಬಸ್ಸಿನಲ್ಲಿ ಹೋಗುವವರು, ಹಾಲು ಹೊತ್ತವರು, ಶಾಲೆಯ ಮೇಷ್ಟ್ರು, ಎಲ್ಲರೂ ನಮ್ಮ ಅಂಗಳವನ್ನು ನೋಡಿಕೊಂಡೇ ಹೋಗುವವರು. ಮದುವೆಯಾದ ಹೆಂಗಸು ಸೀರೆ ಕಚ್ಚೆ ಹಾಕಿ ಕಾರಿನ ಅಡಿಗೆ ನುಗ್ಗುವುದನ್ನು ಅವರು ನೋಡಿದರೆ ನಾನು ಮತ್ತೆ ಯಾವ ಮುಖ ಹೊತ್ತು ಬಾವಿಕಟ್ಟೆಗೆ ಹೋಗಲಿ? ಅತ್ತೆಗೆ ಅದು ಹೇಳದೆಯೇ ಗೊತ್ತಾಯಿತು. ಹಗ್ಗ ತಂದು ಕಾರಿನ ಸುತ್ತ ಮರದಿಂದ ಮರಕ್ಕೆ ಕಟ್ಟಿದರು. ಮನೆಯಲ್ಲಿದ್ದ ಹೊದಿಕೆ, ಮುಂಡು, ತಮ್ಮ ಎರಡು ಸೀರೆ ಎಲ್ಲ ತಂದು ಅದಕ್ಕೆ ಹಾಕಿದರು. ಕಾರು ಪರದೆಯೊಳಗೆ ಕೂತಿತು. ನಾನು ನಿಮ್ಮ ಅಜ್ಜನ ಹಳೆಯ ಅಂಗಿ ತೊಟ್ಟು, ತಲೆಗೆ ಮುಂಡಾಸು ಸುತ್ತಿ ಕಣಿಗೆ ಇಳಿದೆ.

ಪರದೆಯಿಂದ ರಸ್ತೆಯ ಕುತೂಹಲ ಇನ್ನೂ ಹೆಚ್ಚಾಯಿತು. ಯಾರೋ ಗಂಡಸು ನಿಂತು ಕೇಳುವುದು ನನಗೆ ಕಾರಿನ ಅಡಿಯಿಂದಲೇ ಕೇಳಿಸಿತು.

"ಇದೆಂತದು ಮಾರಾಯ, ಕಾರು ಹೆತ್ತಿತಾ? ಬಾಣಂತಿ ಕೋಣೆ ಕಟ್ಟಿದ್ದೀರಿ?"

"ಹೌದು, ಅವಳಿ," ಎಂದರು ನಿಮ್ಮ ಅಜ್ಜ. "ಒಂದನ್ನು ನಿಮ್ಮ ಮನೆಗೆ ಕಳಿಸ್ತೇನೆ, ಸಾಕಿ."

ಕಣಿಯೊಳಗೆ ಬಿಸಿ ಕಬ್ಬಿಣದ ವಾಸನೆ, ಪೆಟ್ರೋಲಿನ ವಾಸನೆ. ಬಿರಡೆ ಕಂಡಿತು. ಅದರ ಕೆಳಗೆ ಬಾಯಿ ಅಗಲವಾದ ಮಣ್ಣಿನ ಮಡಕೆಯನ್ನು ಸರಿಸಿಕೊಂಡೆ. ಸ್ಪ್ಯಾನರ್ ಕೂರಿಸಿದೆ.

ಮೇಲಿನಿಂದ ಅವರ ದನಿ ಬಂತು. "ಎಡಕ್ಕೆ ತಿರುಗಿಸು."

"ಯಾರ ಎಡಕ್ಕೆ?"

ಅವರು ಅದನ್ನು ಯೋಚಿಸಿರಲಿಲ್ಲ. ಅವರು ನಿಂತಿದ್ದು ಮೇಲೆ, ನಾನು ಕೂತಿದ್ದು ಕೆಳಗೆ, ಮುಖ ಮೇಲಕ್ಕೆ.

"ನೀನು ದೋಸೆಗೆ ಅಕ್ಕಿ ಕಡೆಯುವ ಕಲ್ಲು ತಿರುಗಿಸ್ತೀಯಲ್ಲ? ಬಿರಡೆಯೇ ಆ ಕಲ್ಲು ಅಂತ ತಿಳಿದುಕೊ. ನೀನು ತಿರುಗಿಸುವುದರ ಉಲ್ಟ."

ಅದು ಅರ್ಥವಾಯಿತು. ಮೊದಲು ಜಗ್ಗಲಿಲ್ಲ. ಕಣಿಯ ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈಯಿಂದ ಎಳೆದಾಗ ಕಟಕ್ ಎಂದಿತು. ಆಮೇಲೆ ಬೆರಳಿನಲ್ಲೇ ಬಿಚ್ಚಿದೆ. ಕೊನೆಯ ಸುತ್ತಿಗೆ ಎಣ್ಣೆ ಬಿಸಿಯಾಗಿ ಒಮ್ಮೆಲೇ ಕೈ ಮೇಲೆ ಹರಿಯಿತು. ಬೆರಳು ತನ್ನಷ್ಟಕ್ಕೆ ಬಿಟ್ಟಿತು. ಬಿರಡೆ ಗುಳುಂ ಎಂದು ಮಡಕೆಗೆ ಬಿತ್ತು.

"ಬಿತ್ತು," ಎಂದೆ.

"ಎಂತದು?"

"ಬಿರಡೆ. ಮಡಕೆಯಲ್ಲಿ."

"ನನ್ನ ಕೈಯಿಂದಲೂ ಎಷ್ಟು ಸಲ ಬಿದ್ದಿಲ್ಲ! ಎಣ್ಣೆ ತಣಿಯಲಿ, ಆಮೇಲೆ ತೆಗೆಯುವ. ಕೈ ಸುಟ್ಟಿತಾ?"

ಅಷ್ಟೇನೂ ಸುಟ್ಟಿರಲಿಲ್ಲ. ಎಣ್ಣೆ ಪೂರ್ತಿ ಇಳಿಯುವವರೆಗೆ ಮಾಡುವುದೇನೂ ಇರಲಿಲ್ಲ. ನಿಮ್ಮ ಅಜ್ಜ ಸೈಕಲ್ ಹತ್ತಿ ಹೊಸ ಎಣ್ಣೆಯ ಡಬ್ಬ ತರಲು ಅಳದಂಗಡಿಯ ಅಂಗಡಿಗೆ ಹೋದರು. ನಾನು ಪರದೆಯ ಹಿಂದಿನಿಂದ ನುಸುಳಿ ಬಚ್ಚಲಿಗೆ ಓಡಿ, ಬೂದಿ ಮತ್ತು ಸೀಗೆಪುಡಿ ಹಾಕಿ ಕೈ ಉಜ್ಜತೊಡಗಿದೆ. ಉಜ್ಜಿದಷ್ಟೂ ಕಪ್ಪು. ಅತ್ತೆ ಹಟ್ಟಿಯಲ್ಲಿದ್ದರು. ಬಿರಡೆ ಬಿದ್ದ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ.

ತುಂಬ ಹೊತ್ತು ಉಜ್ಜಿ ನಾನು ಬಚ್ಚಲಿನಿಂದ ಹೊರಗೆ ಬರುವಾಗ ಅತ್ತೆ ಹಗ್ಗದಿಂದ ಬಟ್ಟೆಗಳನ್ನು ತೆಗೆದು ಮಡಿಸುತ್ತಿದ್ದರು. ಅಷ್ಟರಲ್ಲಿ ನಿಮ್ಮ ಅಜ್ಜನೂ ಡಬ್ಬ ತೂಗಿಸಿಕೊಂಡು ಬಂದರು. ಕಣಿಗೆ ಬಗ್ಗಿ ನೋಡಿ ನೆಟ್ಟಗಾದರು.

"ಅಮ್ಮ, ಮಡಕೆ ಎಲ್ಲಿ?"

"ಗಾಡಿಯ ಬ್ಯಾರಿಗಳು ತೆಗೆದುಕೊಂಡು ಹೋದರು. ಈ ಸಲ ಅವರ ಸರದಿ. ಹನಿ ನಿಂತಿತ್ತು, ನಾನೇ ನೋಡಿ ಕೊಟ್ಟೆ. ಸಂಜೆಯ ಮೊದಲು ಬಂಟ್ವಾಳಕ್ಕೆ ಗಾಡಿ ಕಟ್ಟಬೇಕಂತೆ, ಅರ್ಜೆಂಟಿನಲ್ಲಿ ಇದ್ದರು."

"ಅದರಲ್ಲಿ ಬಿರಡೆ ಉಂಟಮ್ಮಾ!"

ಅತ್ತೆಯ ಕೈಯಲ್ಲಿ ಅರ್ಧ ಮಡಿಸಿದ ಸೀರೆ ಹಾಗೆಯೇ ನಿಂತಿತು. ಬಿರಡೆ ಇಲ್ಲದೆ ಎಣ್ಣೆ ಹೊಯ್ಯುವ ಹಾಗಿಲ್ಲ, ಎಣ್ಣೆ ಇಲ್ಲದೆ ಕಾರು ಹೊರಡುವ ಹಾಗಿಲ್ಲ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬೇರೆ ಒಂದು ಸಿಗುವುದಿಲ್ಲವಾ?"

"ಈ ಕಾರಿಗೆ? ಮಂಗಳೂರಿನಲ್ಲಿ ಲೇತಿಗೆ ಕೊಟ್ಟು ಕಡೆಸಬೇಕು. ನಾಳೆಗೆ ಆಗುವ ಮಾತಾ ಅದು?"

ಅತ್ತೆ ಕಣಿಯ ದಂಡೆಯಲ್ಲಿ ಕೂತುಬಿಟ್ಟರು. "ನಾನೇ ಎತ್ತಿ ಕೊಟ್ಟೆನಲ್ಲ. ನನ್ನ ಮಗಳ ದಾರಿಗೆ ನಾನೇ ಕಲ್ಲು ಹಾಕಿದೆನಲ್ಲ," ಎಂದರು. ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅದೇ ಮೊದಲು. ನಾಳೆ ಕಳೆದರೆ ಎಂಟು ಹಿಡಿಯುತ್ತಿತ್ತು. ಹೆರಿಗೆಗೆ ಮಗಳು ಬೇರೆಯವರ ಮನೆಯಲ್ಲಿ, ತಾಯಿ ಇಲ್ಲಿ. ಇಲ್ಲವಾದರೆ ನಾಳೆಯೇ ಬಸ್ಸಿನಲ್ಲಿ.

ಬ್ಯಾರಿಗಳು ನಮ್ಮ ಗದ್ದೆಯಾಚೆಯ ಮುಸಲ್ಮಾನರು, ಎಷ್ಟೋ ತಲೆಮಾರಿನಿಂದ ಅಲ್ಲೇ ಇದ್ದವರು. ಬಂಟ್ವಾಳದ ಪೇಟೆಯಿಂದ ಉಪ್ಪು, ಹಂಚು, ಒಣಮೀನು ಎತ್ತಿನ ಗಾಡಿಯಲ್ಲಿ ತರುತ್ತಿದ್ದರು. ಗಾಡಿಯ ಅಚ್ಚಿಗೆ ಅವರಿಗೆ ಕರಿ ಎಣ್ಣೆ ಬೇಕಿತ್ತು. ರಸ್ತೆಗೆ ಹೋಗಿ ಕತ್ತು ಚಾಚಿ ನೋಡಿದಾಗ ಅವರ ಅಂಗಳದಲ್ಲಿ ಗಾಡಿ ಇರಲಿಲ್ಲ, ಹೊರಟಾಗಿತ್ತು. ನಿಮ್ಮ ಅಜ್ಜ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಸೈಕಲ್ ಹತ್ತಿದರು. "ನಾನು ಗಾಡಿಯನ್ನು ಹಿಡಿಯುತ್ತೇನೆ. ಮಡಕೆ ಮನೆಯಲ್ಲಿ ಬಿಟ್ಟು ಹೋಗಿದ್ದರೆ?" ಎಂದು ನನ್ನ ಮುಖ ನೋಡಿದರು.

ಗಂಡಸರಿಲ್ಲದ ಆ ಮನೆಯ ಬಾಗಿಲಿಗೆ ಅವರು ಹೋಗಿ ನಿಲ್ಲುವುದು ಸರಿಯಲ್ಲ. ಅತ್ತೆಗೆ ಮೊಣಕಾಲು ನೋವು, ಗದ್ದೆಯ ಬದುವಿನ ಇಕ್ಕಟ್ಟು ಹುಣಿಯಲ್ಲಿ ನಡೆಯಲಾರರು. ಉಳಿದದ್ದು ನಾನು. ನಾನು ಮದುವೆಯಾಗಿ ಬಂದ ಮೇಲೆ ಯಾರ ಮನೆಯ ಬಾಗಿಲಿಗೂ ಒಬ್ಬಳೇ ಹೋಗಿ ನಿಂತವಳಲ್ಲ. ಹಬ್ಬಕ್ಕೆ ಅತ್ತೆಯ ಹಿಂದೆ ಹೋದರೂ, "ಹೇಗಿದ್ದೀ?" ಎಂದು ಕೇಳಿದವರಿಗೆ ಅತ್ತೆಯೇ ಉತ್ತರ ಕೊಡುತ್ತಿದ್ದರು.

ಹುಣಿಯ ಮೇಲೆ ನಡೆಯುವಾಗ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ. ಅಲ್ಲಿ ತಲುಪಿದಾಗ ಒಂದೂ ಉಳಿದಿರಲಿಲ್ಲ. ಬಾಗಿಲಿಗೆ ಅರ್ಧ ಪರದೆ ಹಾಕಿತ್ತು. ಏನೆಂದು ಕೂಗುವುದು? ಕೆಮ್ಮಿದೆ. ಅಂಗಳದ ಕೋಳಿಗಳು ಕೊಕ್ ಎಂದು ಚದುರಿದವು. ಮತ್ತೊಮ್ಮೆ ಕೆಮ್ಮಿದೆ.

ಒಳಗಿನಿಂದ ಹೆಂಗಸಿನ ದನಿ ಬಂತು. "ಯಾರದು? ಕೋಳಿಯಾದರೆ ಹೋಗು, ಮನುಷ್ಯರಾದರೆ ಮಾತಾಡಿ!"

"ನಾನು... ಕಾರಿನ ಮನೆಯಿಂದ."

ಪರದೆ ಸರಿಯಿತು. ಗಾಡಿಯವರ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಯಾ ಅಲ್ಲಾ! ಇಷ್ಟು ವರ್ಷ ಬೇಲಿಯ ಮೇಲೆ ತಲೆ ಮಾತ್ರ ಕಾಣುತ್ತಿತ್ತು. ಇವತ್ತು ನೋಡಿದರೆ ನಿಮಗೆ ಕಾಲೂ ಉಂಟು! ಬನ್ನಿ ಅಕ್ಕ, ಬನ್ನಿ."

ನನಗೆ ನಗು ಬಂತು. ನಗು ಬಂದದ್ದರಿಂದ ಮಾತೂ ಬಂತು. ಕಣಿ, ಮಡಕೆ, ಬಿರಡೆ, ನಾದಿನಿ, ಎಂಟನೇ ತಿಂಗಳು, ಎಲ್ಲವನ್ನೂ ತಲೆ ಬಾಲ ಇಲ್ಲದೆ ಹೇಳಿಬಿಟ್ಟೆ. ಅವರು ಮನೆಯಲ್ಲಿ ಬ್ಯಾರಿ ಭಾಷೆ ಮಾತಾಡುವವರು, ನಮ್ಮೊಡನೆ ತುಳು. ನಾನು ಇಲ್ಲಿ ಎಲ್ಲರ ಮಾತನ್ನೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ತುಳುವಿನಲ್ಲಿ ಇದ್ದ ಖಾರ ಇದರಲ್ಲಿ ಬರುವುದಿಲ್ಲ.

"ಮಡಕೆ ಇಲ್ಲೇ ಉಂಟು," ಎಂದು ಅವರು ಹಟ್ಟಿಯ ಬದಿಗೆ ಕರೆದುಕೊಂಡು ಹೋದರು. ಮಡಕೆ ಖಾಲಿ. ನಾನು ಕೈ ಹಾಕಿ ಸವರಿದೆ, ಏನೂ ಇಲ್ಲ.

"ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಬಿದಿರಿನ ಅಂಡೆಗೆ ತುಂಬಿಸಿ ಗಾಡಿಗೆ ಕಟ್ಟಿ ಕಳಿಸಿದೆ. ಸೋಸದಿದ್ದರೆ ಅಚ್ಚಿಗೆ ಮರಳು ಸಿಕ್ಕಿತು ಅಂತ ನಮ್ಮವರು ದಾರಿಯಲ್ಲೆಲ್ಲ ನನ್ನನ್ನೇ ಬೈತಾರೆ."

"ಸೋಸಿದ ಬಟ್ಟೆ?"

"ಬಟ್ಟೆಯಾ? ತುಂಬ ಜಿಡ್ಡು ಕಸ ಇತ್ತು. ಒಳಗೆ ಏನುಂಟು ಅಂತ ನೋಡದೆ ಮುದ್ದೆ ಮಾಡಿ..." ಅವರು ಬಚ್ಚಲ ಕಡೆ ತಿರುಗಿದರು. ನಾನೂ ತಿರುಗಿದೆ. ಬಚ್ಚಲ ಹಂಚಿನ ಮಾಡಿನ ಸಂದಿಯಿಂದ ಕಪ್ಪು ಹೊಗೆ ದಪ್ಪವಾಗಿ ಏಳುತ್ತಿತ್ತು.

"ತೆಂಗಿನ ಸಿಪ್ಪೆ ಹಸಿ ಇತ್ತು ಅಕ್ಕ. ಬೆಂಕಿ ಹತ್ತಲಿ ಅಂತ ನೀರೊಲೆಗೆ ತುರುಕಿದೆ."

ಇಬ್ಬರೂ ಓಡಿದೆವು. ಹಂಡೆಯ ಕೆಳಗೆ ಬೆಂಕಿ ದೇವಸ್ಥಾನದ ತೆಂಗಿನಗರಿಯ ಸೂಟೆಯ ಹಾಗೆ ಉರಿಯುತ್ತಿತ್ತು. ಅವರು ಇಕ್ಕಳ ತಂದರು, ನಾನು ಕೊಳ್ಳಿ ಹೊರಗೆ ಎಳೆದೆ. ಹೊಗೆಗೆ ಕಣ್ಣು ಕಾಣದು. ಕೆಂಡ ಕೆದಕಿ ಕೆದಕಿ ಕೊನೆಗೆ ಒಲೆಯ ಮೂಲೆಯಲ್ಲಿ ಒಂದು ಕೆಂಡ ಬೇರೆ ಕೆಂಡಗಳ ಹಾಗೆ ಪುಡಿಯಾಗದೆ ಉರುಳಿತು. ಇಕ್ಕಳದಲ್ಲಿ ಹಿಡಿದು ಹೊರಗೆ ತಂದರೆ ಅದೇ ಬಿರಡೆ, ಮಂಕಾಗಿ ಕೆಂಪಗೆ ಹೊಳೆಯುತ್ತಿತ್ತು. ತಾಮ್ರದ ಬಳೆ ಕುತ್ತಿಗೆಯಲ್ಲೇ ಇತ್ತು.

ಅವರು ತಂಬಿಗೆಯಿಂದ ನೀರು ಹೊಯ್ಯಲು ಕೈ ಎತ್ತಿದರು.

"ಬೇಡ!" ಎಂದು ಕಿರುಚಿದೆ. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಕಾದ ಕಾವಲಿಗೆ ತಣ್ಣೀರು ಬಿದ್ದು ಅದು ಎರಡು ಹೋಳಾದದ್ದನ್ನು ತವರಿನಲ್ಲಿ ನೋಡಿದ್ದೆ. "ಒಡೆದು ಹೋದೀತು. ಅದರಷ್ಟಕ್ಕೆ ತಣಿಯಲಿ."

"ಆಯ್ತು ಮಾರಾಯ್ತಿ, ಪೊಲೀಸಿನವರ ಹಾಗೆ ಹೆದರಿಸಬೇಡಿ," ಎಂದು ಅವರು ತಂಬಿಗೆ ಕೆಳಗಿಟ್ಟರು.

ಬೂದಿಯ ಮೇಲೆ ಬಿರಡೆಯನ್ನಿಟ್ಟು ಇಬ್ಬರೂ ಅದರ ಆಚೀಚೆ ಮಣೆ ಹಾಕಿ ಕೂತೆವು. ಅವರು ಬಾಳೆಹಣ್ಣು ತಂದುಕೊಟ್ಟರು. ನನ್ನ ನಾದಿನಿಯ ವಿಷಯ ಒಂದೊಂದಾಗಿ ಕೇಳಿದರು, ಕಾಲು ಊದಿದೆಯಾ, ನಿದ್ರೆ ಬರುತ್ತದಾ, ಹುಳಿ ತಿನ್ನುತ್ತಾಳಾ ಎಂದು. ನನಗೆ ಗೊತ್ತಿದ್ದಷ್ಟು ಹೇಳಿದೆ. ಅವರು ತುಂಬ ಹೆತ್ತವರು, ಎರಡನ್ನು ಕಳೆದುಕೊಂಡವರು. "ಹೋದದ್ದು ಬಸ್ಸಿನಿಂದ ಅಂತ ನಿಮ್ಮ ಅತ್ತೆ ಹೇಳುವುದನ್ನು ನಾನೂ ಕೇಳಿದ್ದೇನೆ. ನನ್ನದು ಯಾವ ಬಸ್ಸೂ ಹತ್ತದೆ ಹೋಯಿತು. ಆದರೆ ಅವರ ಹತ್ತಿರ ಅದನ್ನು ಹೇಳಬೇಡಿ. ಬೈಯಲಿಕ್ಕೆ ಒಂದು ಬಸ್ಸು ಇದ್ದರೆ ತಾಯಿಯ ಮನಸ್ಸಿಗೆ ಸ್ವಲ್ಪ ಸಮಾಧಾನ," ಎಂದರು. ನಾನು ಹೊರಡುವಾಗ ಗಾಡಿಯಲ್ಲಿ ಹಾಸುವ ಒಂದು ಸಣ್ಣ ಹತ್ತಿಯ ಹಾಸಿಗೆಯನ್ನೂ ಸುತ್ತಿ ಕೊಟ್ಟರು, ಬಸುರಿಯ ಬೆನ್ನಿಗೆ ಇರಲಿ ಎಂದು.

ಬಿರಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಹಾಸಿಗೆಯನ್ನು ತಲೆಯ ಮೇಲಿಟ್ಟುಕೊಂಡು ಬಂದೆ. ಅತ್ತೆ ಕಣಿಯ ದಂಡೆಯಲ್ಲಿ ನಾನು ಬಿಟ್ಟುಹೋದ ಹಾಗೆಯೇ ಕೂತಿದ್ದರು. ಸೆರಗು ಬಿಚ್ಚಿ ತೋರಿಸಿದಾಗ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮುಖಕ್ಕೆಲ್ಲ ಮಸಿಯಾಯಿತು.

ನಿಮ್ಮ ಅಜ್ಜ ಬಂದಿರಲಿಲ್ಲ. ಬಿಸಿಲು ಗದ್ದೆಯ ಆಚೆ ದಡಕ್ಕೆ ಸರಿದಿತ್ತು. ಬೆಳಕಿದ್ದಾಗಲೇ ಆಗಬೇಕು. ನಾನು ಸೀರೆಗೆ ಕಚ್ಚೆ ಹಾಕಿದೆ. ಅತ್ತೆ ಹೊದಿಕೆಗಳನ್ನು ತರಲು ಎದ್ದರು.

"ಬೇಡ ಅತ್ತೆ, ಅದನ್ನು ಕಟ್ಟುವಷ್ಟರಲ್ಲಿ ಕತ್ತಲಾದೀತು," ಎಂದು ಹೇಳಿ ಇಳಿದೆ.

ಬಿರಡೆಯ ಹಲ್ಲುಗಳ ಮಸಿಯನ್ನು ಮೊದಲೇ ತೆಂಗಿನ ನಾರಿನಿಂದ ಉಜ್ಜಿ ತೆಗೆದಿದ್ದೆ. ಬೆರಳಿನಲ್ಲೇ ಕೂರಿಸಿ, ಓರೆಯಾಗದ ಹಾಗೆ ಸುತ್ತು ಕೊಟ್ಟೆ. ಈಗ ಕಡೆಯುವ ಕಲ್ಲಿನ ಕಡೆಗೇ ತಿರುವು. ಕೊನೆಗೆ ಸ್ಪ್ಯಾನರ್. ಎಷ್ಟು ಬಿಗಿ ಎಂದು ಕೇಳಲು ಯಾರೂ ಇರಲಿಲ್ಲ. ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವಾಗ ಕೈಗೆ ತಿಳಿಯುತ್ತದಲ್ಲ, ಇನ್ನು ಎಳೆದರೆ ದಾರ ತುಂಡಾಗುತ್ತದೆ ಎಂದು? ಹಾಗೆ ಕೈ ಹೇಳಿದಲ್ಲಿ ನಿಲ್ಲಿಸಿದೆ. ಆಗಲೇ ಸಂಜೆಯ ಬಸ್ಸು ಬಂತು. ನಮ್ಮ ಮನೆಯ ಎದುರು ನಿಧಾನವಾಯಿತು.

"ಹೊಸ ಮೆಕ್ಯಾನಿಕ್ ಯಾರು ಅಮ್ಮ?" ಎಂದು ಕಂಡಕ್ಟರ್ ಕೂಗಿದ.

"ನನ್ನ ಸೊಸೆ! ನಿನ್ನ ಬಸ್ಸಿಗೆ ಬೇಕಾದರೆ ಸರದಿಯಲ್ಲಿ ನಿಲ್ಲು!" ಎಂದು ಅತ್ತೆ ತಿರುಗಿ ಕೂಗಿದರು.

ನಾನು ಕಣಿಯೊಳಗೆ ಕಿವಿಯವರೆಗೆ ಕೆಂಪಾದೆ. ಆದರೆ ಹೊರಗೆ ಬರುವಾಗ ಬಸ್ಸು ಹೋಗಲಿ ಎಂದು ಕಾಯಲಿಲ್ಲ.

ಹೊಸ ಎಣ್ಣೆಗೆ ಅತ್ತೆ ಆಲಿಕೆ ಹಿಡಿದರು, ನಾನು ಹೊಯ್ದೆ. ಜೇನಿನ ಬಣ್ಣ, ದಾರದ ಹಾಗೆ ಎಳೆ. ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಗೆರೆ ನೋಡಿದೆವು. ನಿಮ್ಮ ಅಜ್ಜ ಬಂದದ್ದು ಆಮೇಲೆ, ಮೈಯೆಲ್ಲ ಧೂಳು. ಗುರುವಾಯನಕೆರೆಯ ಹತ್ತಿರ ಗಾಡಿಯನ್ನು ಹಿಡಿದು, ಪಾಪ, ಅವರೂ ಬ್ಯಾರಿಗಳೂ ಸೇರಿ ಅಂಡೆಯ ಎಣ್ಣೆಯನ್ನೆಲ್ಲ ಬಾಳೆಎಲೆಯ ಮೇಲೆ ಸುರಿದು ಹುಡುಕಿದ್ದರಂತೆ. ಸೈಕಲ್ ನಿಲ್ಲಿಸಿ, ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಆ ಕಡ್ಡಿಯನ್ನು ಅವರ ಮುಖದೆದುರು ಆರತಿಯ ಹಾಗೆ ಹಿಡಿದರು.

"ನೋಡು. ಸರಿ ಉಂಟಾ?"

ಅವರು ಕಡ್ಡಿ ನೋಡಿದರು, ಕಣಿಗೆ ಇಳಿದು ಬಿರಡೆ ಮುಟ್ಟಿದರು. ಹ್ಯಾಂಡಲ್ ತಿರುಗಿಸಲು ಪಕ್ಕದ ಮನೆಯವರನ್ನು ಕರೆದು ಎಂಜಿನ್ ಓಡಿಸಿದರು. ಕೆಳಗೆ ಒಂದು ಬಿಳಿ ಬಟ್ಟೆ ಹಾಸಿ ಕಾದರು. ಆ ಬಿರಡೆಯ ಬುಡ ಯಾವಾಗಲೂ ಸ್ವಲ್ಪ ಒಸರುತ್ತಿತ್ತು, ಅವರು ಎಷ್ಟು ಬಿಗಿ ಮಾಡಿದರೂ. ಆ ದಿನ ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ. ತಾಮ್ರದ ಬಳೆಯನ್ನು ಬೆಂಕಿಗೆ ಹಾಕಿ ತೆಗೆದರೆ ಅದು ಮೆದುವಾಗಿ ಸರಿಯಾಗಿ ಕೂರುತ್ತದೆ ಎಂದು ಮೂಡಬಿದ್ರೆಯ ಮೆಕ್ಯಾನಿಕ್ ಆಮೇಲೆ ಹೇಳಿದರಂತೆ. ಅಂದಿನಿಂದ ಪ್ರತಿ ಸಲ ಎಣ್ಣೆ ಬದಲಿಸುವಾಗ ನಮ್ಮ ನೀರೊಲೆಗೆ ಆ ಬಳೆ ಒಮ್ಮೆ ಹೋಗಿ ಬರತೊಡಗಿತು.

ಮರುದಿನ ಅವರೂ ಅತ್ತೆಯೂ ಬೆಳಗಿನ ತಂಪಿನಲ್ಲಿ ಹೊರಟರು. ನಾನು ಮನೆಯಲ್ಲಿ ಅಡಿಗೆಗೆ ನಿಂತೆ. ಕಾರಿನ ಸದ್ದಿಗೆ ಕಿವಿ ಕೊಟ್ಟು ಎರಡು ಸಲ ಸಾರಿಗೆ ಉಪ್ಪು ಹಾಕಿದೆ. ಮಧ್ಯಾಹ್ನಕ್ಕಿಂತ ಮೊದಲು ಕಾರು ಬಂತು, ಹೂವಿನ ಬುಟ್ಟಿ ಹೊತ್ತವರ ಹಾಗೆ ನಿಧಾನವಾಗಿ. ನಾದಿನಿ ಹತ್ತಿಯ ಹಾಸಿಗೆಗೆ ಒರಗಿ ಕೂತಿದ್ದಳು. ಮುಖ ತುಂಬಿಕೊಂಡಿತ್ತು. ಕಾಲು ತೊಳೆಯಲು ನೀರು ಕೊಟ್ಟು ಆರತಿ ಎತ್ತಿದಾಗ ಅವಳು ನನ್ನ ಕೈ ಹಿಡಿದು ಉಗುರು ನೋಡಿದಳು.

"ಇನ್ನೂ ಕಪ್ಪು ಉಂಟಲ್ಲ ಅತ್ತಿಗೆ! ಅಣ್ಣ ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದ. ನಮ್ಮ ಮಾವ ತಿಂಡಿ ತಿನ್ನುವುದನ್ನು ನಿಲ್ಲಿಸಿ ಕೇಳಿದರು. ಧರ್ಮಸ್ಥಳದಲ್ಲಿ ಚಹಾ ಕುಡಿಯುವಾಗ ಹೋಟೆಲಿನವರಿಗೂ ಹೇಳಿದ."

"ಹೋಟೆಲಿನವರಿಗಾ!" ಎಂದು ನಾನು ಆರತಿಯ ತಟ್ಟೆ ಹಿಡಿದುಕೊಂಡೇ ಒಳಗೆ ಓಡಿದೆ. ಅಡಿಗೆಮನೆಯ ಕತ್ತಲಲ್ಲಿ ನಿಂತು ಒಬ್ಬಳೇ ನಕ್ಕೆ. ಉಪ್ಪು ಹೆಚ್ಚಾದ ಸಾರನ್ನು ಎಲ್ಲರೂ ಏನೂ ಹೇಳದೆ ಉಂಡರು.

ಊಟವಾದ ಮೇಲೆ ನಾದಿನಿ ಒಳಕೋಣೆಯಲ್ಲಿ ಮಲಗಿದಳು. ಅತ್ತೆ ಬಾಗಿಲಲ್ಲಿ ಬೀಸಣಿಗೆ ಹಿಡಿದು ಕೂತರು. ಆ ಸಲ ಎಲ್ಲ ಸರಿಯಾಯಿತು, ಹೆಣ್ಣು ಮಗು. ಅದು ಯಾರೆಂದು ನಿಮಗೆ ಗೊತ್ತು, ಮೂಡಬಿದ್ರೆಯಲ್ಲಿ ಟೀಚರಾಗಿದ್ದ ನಿಮ್ಮ ದೊಡ್ಡಮ್ಮ. ಆದರೆ ಅದಿನ್ನೂ ಎರಡು ತಿಂಗಳ ಆಚೆಯ ಮಾತು. ಆ ಮಧ್ಯಾಹ್ನ ನಮಗೆ ಗೊತ್ತಿದ್ದದ್ದು ಅವಳು ಬಂದಳು, ಉಂಡಳು, ನಿದ್ರೆ ಮಾಡುತ್ತಿದ್ದಾಳೆ ಎಂಬುದಷ್ಟೇ.

ಸ್ವಲ್ಪ ಹೊತ್ತಿಗೆ ವೇಣೂರಿನ ಕಡೆಯ ಬಾಡಿಗೆಯೊಂದು ಬಂತು. ನಿಮ್ಮ ಅಜ್ಜ ಕಾರಿನ ಹತ್ತಿರ ಹೋದದ್ದೇ ತಡ, ಅತ್ತೆ ಬೀಸಣಿಗೆ ಬಿಟ್ಟು ಅಂಗಳಕ್ಕೆ ಓಡಿ ಬಂದರು. ಮೊಣಕಾಲು ನೋವು ಎಲ್ಲಿ ಹೋಗಿತ್ತೋ.

"ಇಲ್ಲಿ ಸ್ಟಾರ್ಟ್ ಮಾಡಿದರೆ ನೋಡು! ಅವಳು ಈಗಷ್ಟೇ ಕಣ್ಣು ಮುಚ್ಚಿದ್ದಾಳೆ."

"ಮತ್ತೆ ಕಾರು ಹೇಗೆ ಹೋಗುವುದಮ್ಮ, ಹೊತ್ತುಕೊಂಡು ಹೋಗಲಾ?"

"ನೂಕುವ. ಇಳಿಜಾರಿನಲ್ಲಿ ಸ್ಟಾರ್ಟ್ ಮಾಡು."

ಅವರು ಬಾಗಿಲು ತೆರೆದು ಸ್ಟಿಯರಿಂಗ್ ಹಿಡಿದರು. ಹಿಂದಿನಿಂದ ಅತ್ತೆ ಒಂದು ಮೂಲೆಗೆ, ನಾನು ಇನ್ನೊಂದು ಮೂಲೆಗೆ ಹೆಗಲು ಕೊಟ್ಟೆವು. ಮಾತಿಲ್ಲದೆ, ಉಸಿರು ಬಿಗಿ ಹಿಡಿದು, ಕಾರನ್ನು ಅಂಗಳ ದಾಟಿಸಿ, ರಸ್ತೆಯ ಇಳಿಜಾರು ಸಿಗುವವರೆಗೆ ನೂಕಿದೆವು.